ಆಡಿದರೆ ಹಣ್ಣು

ಒಂದು ಕಾಡಿನಲ್ಲಿ, ಹಳ್ಳದಿಂದ ಕೂಗಳತೆ ದೂರದಲ್ಲಿ, ಒಂದು ಮುದಿ ತಾರೆ ಮರವಿತ್ತು. ಅದರ ಪೊಟರೆಯೊಳಗೆ ಹೊಂಗೊಕ್ಕಿ ಎಂಬ ಮಂಗಟ್ಟೆ ಹಕ್ಕಿ ತನ್ನ ಮರಿಯೊಂದಿಗೆ ಕೂತಿದ್ದಳು. ಮಂಗಟ್ಟೆಗಳ ಪದ್ಧತಿಯೇ ಹಾಗೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಪೊಟರೆ ಸೇರಿ ಅದರ ಬಾಯಿಗೆ ಮಣ್ಣು ಮೆತ್ತಿಕೊಳ್ಳುತ್ತದೆ. ಒಂದು ಸಣ್ಣ ಕಿಂಡಿ ಮಾತ್ರ ಉಳಿಯುತ್ತದೆ. ರೆಕ್ಕೆಯ ಗರಿಗಳೂ ಉದುರಿಹೋಗುತ್ತವೆ. ಆಮೇಲೆ ಮರಿ ದೊಡ್ಡದಾಗುವವರೆಗೆ ಗಂಡ ತಂದು ಕೊಟ್ಟರೆ ಊಟ, ಇಲ್ಲದಿದ್ದರೆ ಉಪವಾಸ.

ಹೊಂಗೊಕ್ಕಿಯ ಗಂಡ ದೊಡ್ಡರೆಕ್ಕ ಒಳ್ಳೆಯವನೇ. ದಿನಕ್ಕೆ ನಾಲ್ಕು ಸಲ ಬರುತ್ತಿದ್ದ, ಬಂದಾಗಲೆಲ್ಲ ಹತ್ತು ಹನ್ನೆರಡು ಅತ್ತಿಹಣ್ಣು ತರುತ್ತಿದ್ದ. ಅವನ ರೆಕ್ಕೆಯ ಭಾರೀ ಸದ್ದು ದೂರದಿಂದಲೇ ಕೇಳುತ್ತಿತ್ತು. ಸದ್ದು ಕೇಳಿದ ಕೂಡಲೇ ಮರಿ ಬಾಯಿ ತೆರೆಯುತ್ತಿತ್ತು.

ಒಂದು ದಿನ ಅವನು ಸಂಜೆಗೊಂದೇ ಸಲ ಬಂದ. ಕೊಕ್ಕಿನಲ್ಲಿ ಮೂರೇ ಹಣ್ಣು.

"ಇಷ್ಟೊತ್ತು ಎಲ್ಲಿದ್ದೆ?" ಎಂದಳು ಹೊಂಗೊಕ್ಕಿ.

"ಇನ್ಮೇಲೆ ನಮ್ಮ ಕಷ್ಟ ಮುಗೀತು ಕಣೇ. ಬಂಡೆ ಹತ್ತಿರ ಸುಗಂಧಯ್ಯ ಒಂದು ಆಟ ಶುರು ಮಾಡಿದಾನೆ. ಅಂಟುವಾಳದ ಬೀಜ ಎಸೆದು ಗುಳಿಯೊಳಗೆ ಬೀಳಿಸಿದರೆ ಒಂದು ಗುಲಗಂಜಿ ಕೊಡ್ತಾನೆ. ನೂರು ಗುಲಗಂಜಿಗೆ ಒಂದು ಬುಟ್ಟಿ ಹಣ್ಣು. ಸೇರಿದ್ದಕ್ಕೇ ಹತ್ತು ಬಿಟ್ಟಿ ಕೊಟ್ಟ. ಇವತ್ತೊಂದೇ ದಿನ ನನಗೆ ಅರವತ್ತು ಬಂತು."

ದೊಡ್ಡರೆಕ್ಕನಿಗೆ ಹೆಮ್ಮೆಯಾಗದೆ ಇರುತ್ತದೆಯೇ? ಮಂಗಟ್ಟೆಗಳು ಹಣ್ಣನ್ನು ನೆಟ್ಟಗೆ ನುಂಗುವುದಿಲ್ಲ. ಮೇಲಕ್ಕೆ ಎಸೆದು ಗಂಟಲಿಗೆ ಬೀಳಿಸಿಕೊಳ್ಳುತ್ತವೆ. ಹುಟ್ಟಿನಿಂದ ಎಸೆದೇ ಉಂಡವನು, ಆಟ ತನಗಾಗಿಯೇ ಹುಟ್ಟಿದೆ ಅಂದುಕೊಂಡ.

"ಸುಗಂಧಯ್ಯ ಅಂದರೆ ಆ ಪುನುಗುಬೆಕ್ಕಾ?" ಎಂದಳು ಹೊಂಗೊಕ್ಕಿ. "ಹಗಲೆಲ್ಲ ಬಿದ್ದು ನಿದ್ದೆ ಮಾಡೋ ಜಾತಿ. ಹಗಲಲ್ಲಿ ಎದ್ದು ಕೂತು ಪರರಿಗೆ ಹಣ್ಣು ಹಂಚೋ ಅಂಥದ್ದು ಅವನಿಗೇನು ಬಂದಿದೆ?"

"ಒಳ್ಳೇ ಮನಸ್ಸು ಅನ್ನು."

"ಅವನಿಗೆ ಹಣ್ಣು ಎಲ್ಲಿಂದ ಬರುತ್ತೆ?"

"ಅದೆಲ್ಲ ನಮಗ್ಯಾಕೆ? ಆಡಿದರೆ ಕೊಡ್ತಾನೆ, ಅಷ್ಟೆ."

ಹೊಂಗೊಕ್ಕಿ ಮೂರು ಹಣ್ಣನ್ನೂ ಮರಿಗೆ ತಿನ್ನಿಸಿದಳು. ಆದರೆ ಗಂಡನ ಗರಿಗಳಿಗೆ ಅಂಟಿಕೊಂಡು ಬಂದ ಪುನುಗಿನ ಘಾಟು ವಾಸನೆ ಪೊಟರೆಯೊಳಗೇ ಉಳಿದುಬಿಟ್ಟಿತು. ಅವಳಿಗೆ ಅದು ಸ್ವಲ್ಪವೂ ಹಿಡಿಸಲಿಲ್ಲ.

ಮರುದಿನ ಇಪ್ಪತ್ತು ಗುಲಗಂಜಿ ಬಂತು. ಅದರ ಮರುದಿನ ಐದು. ಆಮೇಲೆ ಗುಳಿಯೇ ಕಿರಿದಾಯಿತೋ, ಬೀಜವೇ ದಪ್ಪವಾಯಿತೋ, ದಿನಕ್ಕೊಂದು ಬಂದರೆ ಹೆಚ್ಚು. "ಒಬ್ಬ ಗೆಳೆಯನ್ನ ಕರ್ಕೊಂಡು ಬಾ, ಎರಡು ಹೆಚ್ಚಿಗೆ ಕೊಡ್ತೀನಿ" ಎಂದ ಸುಗಂಧಯ್ಯ. ದೊಡ್ಡರೆಕ್ಕ ಗೊರವಂಕಗಳನ್ನು ಕರೆದೊಯ್ದ. ಗೊರವಂಕಗಳು ಪಿಕಳಾರಗಳನ್ನು ಕರೆದೊಯ್ದವು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂದು ಕಾಡಿನ ಅರ್ಧ ಹಕ್ಕಿಗಳು ಬಂಡೆಯ ಸುತ್ತ ಸೇರಿದವು.

ಇತ್ತ ಮರಿಯ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಹೊಂಗೊಕ್ಕಿ ತನ್ನ ಪಾಲಿನದ್ದನ್ನೂ ಅದಕ್ಕೇ ಕೊಟ್ಟು, ಬರಿಯ ಹೊಟ್ಟೆಯಲ್ಲಿ ಕೂರುತ್ತಿದ್ದಳು. ಸಿಟ್ಟು ಬರುತ್ತಿತ್ತು, ಭಯವೂ ಆಗುತ್ತಿತ್ತು.

"ಆಟ ಸಾಕು ಮಾರಾಯ. ಹಳ್ಳದ ಅತ್ತಿಮರಕ್ಕೆ ಹೋಗಿ ನಾಲ್ಕು ಹಣ್ಣು ತಗೊಂಡು ಬಾ."

"ಆ ಮರದ ಹಣ್ಣಲ್ಲಿ ಬರೀ ಹುಳ ಅಂತೆ. ಪ್ರತಿ ಆಟದ ನಡುವೆ ಸುಗಂಧಯ್ಯನ ಗಿಳಿ ಕೂಗಿ ಹೇಳುತ್ತೆ. ಅದು ಕೂಗಿ ಮುಗಿಸೋವರೆಗೂ ಕೇಳಿಸಿಕೊಂಡರೇನೇ ಮುಂದಿನ ಬೀಜ ಕೊಡೋದು."

"ಅತ್ತಿಹಣ್ಣಲ್ಲಿ ಹುಳ ಇಲ್ಲದ ಕಾಲ ಯಾವುದಿತ್ತು? ನಮ್ಮಜ್ಜಿ ತಿಂದಿದ್ದೂ ಹುಳದ ಹಣ್ಣೇ. ಅವನು ನಿಮ್ಮ ಮೂಗಿಗೆಲ್ಲ ತುಪ್ಪ ಸವರಿ ಕೂರಿಸಿದಾನೆ, ಅಷ್ಟೆ."

"ತೊಂಬತ್ತೊಂಬತ್ತು ಆಗಿದೆ ಕಣೇ. ಇನ್ನೊಂದೇ ಒಂದು. ಈಗ ಬಿಟ್ಟರೆ ಇಷ್ಟು ದಿನ ಆಡಿದ್ದೆಲ್ಲ ನೀರಲ್ಲಿ ಹೋಮ. ಹಣ್ಣನ್ನೂ ನಾವು ಹೊರೋ ಹಾಗಿಲ್ಲ, ಮನೆ ಬಾಗಿಲಿಗೇ ತಂದುಕೊಡ್ತಾನಂತೆ. ಮರದ ಗುರುತು ಹೇಳಿದ್ದೀನಿ."

ಹೊಂಗೊಕ್ಕಿ ಕಿಂಡಿಗೆ ಕೊಕ್ಕು ತಂದಳು. "ಏನೇನು ಹೇಳಿದೆ?"

"ಕೇಳಿದ್ದಕ್ಕೆಲ್ಲ ಹೇಳಿದೆ. ಯಾವ ಮರ, ಎಷ್ಟು ಎತ್ತರ, ಒಳಗೆ ಯಾರ್ಯಾರಿದ್ದೀರಿ, ನಾನು ಯಾವಾಗ ಮನೇಲಿರಲ್ಲ. ಹೇಳದಿದ್ದರೆ ಸೇರಿಸಿಕೊಳ್ಳೋದೇ ಇಲ್ಲ."

ಬೈದು ಪ್ರಯೋಜನವಿರಲಿಲ್ಲ. ಹೊಂಗೊಕ್ಕಿ ತುಸು ಯೋಚಿಸಿ, "ಆಯ್ತು, ನಾಳೆ ಆಟಕ್ಕೆ ಹೋಗು. ಹೋಗೋ ಮೊದಲು ನಾಲ್ಕು ಕೊಕ್ಕು ಹಸಿಮಣ್ಣು ತಂದುಕೊಡು" ಎಂದಳು. ದೊಡ್ಡರೆಕ್ಕ ಗೊಣಗುತ್ತಲೇ ಬೆಳಿಗ್ಗೆ ಮಣ್ಣು ತಂದುಕೊಟ್ಟು ಹಾರಿಹೋದ. ಹೊಂಗೊಕ್ಕಿ ಕಿಂಡಿಯ ಸುತ್ತ ಮಣ್ಣು ಮೆತ್ತಿದಳು, ಕೊಕ್ಕಿನ ಚಪ್ಪಟೆಯಿಂದ ತಟ್ಟಿದಳು. ಬಿಸಿಲೇರುವ ಹೊತ್ತಿಗೆ ಕಿಂಡಿ ಮೊದಲಿನ ಅರ್ಧವಾಗಿ, ಮಣ್ಣು ಒಣಗಿತ್ತು.

ಮಧ್ಯಾಹ್ನ ಆ ಘಾಟು ವಾಸನೆ ಮತ್ತೆ ಬಂತು. ರೆಕ್ಕೆಯ ಸದ್ದು ಮಾತ್ರ ಬರಲಿಲ್ಲ. ಹೊಂಗೊಕ್ಕಿ ಮರಿಯನ್ನು ಬೆನ್ನ ಹಿಂದೆ ತಳ್ಳಿಕೊಂಡಳು.

"ಅಮ್ಮಾ, ನಿಮ್ಮ ಯಜಮಾನರು ಗೆದ್ದರು," ಎಂದಿತು ಹೊರಗಿನಿಂದ ಒಂದು ನಯವಾದ ದನಿ. "ಬುಟ್ಟಿ ಹಣ್ಣು ತಂದಿದ್ದೀನಿ. ಬಾಗಿಲು ಒಂಚೂರು ಅಗಲ ಮಾಡಿ."

"ಸಂತೋಷ ಕಣಪ್ಪ. ಒಂದೊಂದೇ ಕಿಂಡಿಯಲ್ಲಿ ಹಾಕು. ಅತ್ತಿಹಣ್ಣು ತೂರದಷ್ಟು ಕಿರಿದಾಗೇನೂ ಇಲ್ಲ."

"ಬುಟ್ಟಿ ಬಿಚ್ಚೋಕೆ ಆಗಲ್ಲಮ್ಮ. ಅದು ಆಟದ ನಿಯಮ."

"ಹಾಗಾದರೆ ಒಂದು ಹಣ್ಣನ್ನಾದರೂ ತೋರಿಸು."

ಹಣ್ಣಿದ್ದರೆ ತಾನೇ ತೋರಿಸುವುದು? ಸುಗಂಧಯ್ಯನ ನಯ ಅಲ್ಲಿಗೆ ಮುಗಿಯಿತು. ಉಗುರಿನಿಂದ ಮಣ್ಣು ಕೆರೆದ. ಗಟ್ಟಿಯಾಗಿತ್ತು, ಬರಲಿಲ್ಲ. ಕೊನೆಗೆ ಮುಂಗಾಲನ್ನೇ ಕಿಂಡಿಯೊಳಗೆ ತೂರಿಸಿ ಮರಿಗಾಗಿ ತಡಕಾಡಿದ. ಅದಕ್ಕೇ ಕಾದಿದ್ದ ಹೊಂಗೊಕ್ಕಿ ತನ್ನ ದೊಡ್ಡ ಕೊಕ್ಕಿನಲ್ಲಿ ಆ ಕಾಲನ್ನು ಇಕ್ಕಳದಂತೆ ಹಿಡಿದಳು. ಹಸಿದ ಹೊಟ್ಟೆ, ಆದರೂ ಬಿಡಲಿಲ್ಲ.

ಸುಗಂಧಯ್ಯನ ಕಿರುಚಾಟ ಬಂಡೆಯವರೆಗೂ ಕೇಳಿತು. ಹಕ್ಕಿಗಳೆಲ್ಲ ಗಿಳಿ ಆಡಿಸುತ್ತಿದ್ದ ಆಟ ಬಿಟ್ಟು ಹಾರಿ ಬಂದವು. ನೋಡಿದರೆ, ಮನೆ ಬಾಗಿಲಿಗೆ ಹಣ್ಣು ಕೊಡುವವನು ಬರಿಗೈಯಲ್ಲಿ ಬಾಗಿಲಿಗೇ ಸಿಕ್ಕಿಕೊಂಡು ನೇತಾಡುತ್ತಿದ್ದ. ದೊಡ್ಡರೆಕ್ಕನಿಗೆ ಎಲ್ಲ ಅರ್ಥವಾಯಿತು. ಬೆನ್ನಿಗೆ ಅವನು ಕುಕ್ಕಿದ, ಬಾಲಕ್ಕೆ ಗೊರವಂಕಗಳು ಕುಕ್ಕಿದವು. ಹೊಂಗೊಕ್ಕಿ ಕೊಕ್ಕು ಸಡಿಲಿಸಿದಾಗ ಸುಗಂಧಯ್ಯ ದೊಪ್ಪನೆ ಕೆಳಗೆ ಬಿದ್ದು, ಮೂರು ಕಾಲಲ್ಲಿ ಕುಂಟುತ್ತಾ ಪೊದೆ ಸೇರಿದ. ಆಮೇಲೆ ಅವನಿಗೆ ಮರ ಹತ್ತಲಾಗಲಿಲ್ಲ. ತಾನಾಗಿ ಉದುರಿದ ಹಣ್ಣನ್ನು ನೆಲದಲ್ಲಿ ಹುಡುಕಿಕೊಂಡು ತಿನ್ನುವುದೇ ಗತಿಯಾಯಿತು.

ಹಕ್ಕಿಗಳು ಹಳ್ಳದ ಅತ್ತಿಮರಕ್ಕೆ ಹಾರಿದವು. ಹುಳ ಹಿಡಿದಿದೆ ಎಂದು ಗಿಳಿ ಕೂಗಿದ ಮರವನ್ನು ಸುಗಂಧಯ್ಯನ ನೆಂಟರಿಷ್ಟರು ತಿಂದು ಬೋಳು ಮಾಡಿದ್ದರು. ಆಸೆ ಹತ್ತಿಸಲು ಅವನು ಹಕ್ಕಿಗಳಿಗೆ ಆಗಾಗ ಹಾಕುತ್ತಿದ್ದ ಒಂದೆರಡು ಹಣ್ಣೂ ಅದೇ ಮರದ್ದು. ಅಂದರೆ, ತಮ್ಮ ಹಣ್ಣನ್ನೇ ಅವು ದಿನವಿಡೀ ಆಡಿ ಸಂಪಾದಿಸುತ್ತಿದ್ದವು. ಬೆಕ್ಕಿನ ಕಾಲಿಗೆ ಎಟುಕದ ತುದಿಕೊಂಬೆಗಳಲ್ಲಿ ಮಾತ್ರ ಇನ್ನಷ್ಟು ಹಣ್ಣಿತ್ತು.

ಸಂಜೆ ದೊಡ್ಡರೆಕ್ಕ ಗಂಟಲು ತುಂಬ ಹಣ್ಣು ತಂದ. ಒಂದೊಂದನ್ನೇ ಕಿಂಡಿಯಲ್ಲಿ ಕೊಟ್ಟ. ಮೊದಲನೆಯದನ್ನು ಹೊಂಗೊಕ್ಕಿ ಮರಿಗಿಟ್ಟಳು, ಎರಡನೆಯದನ್ನೂ. ಕೊನೆಗೆ ಅವನು ನಾಚಿಕೆಯಿಂದ, ಕೊಂಬೆಯ ಸಂದಿಯಲ್ಲಿ ಕೂಡಿಟ್ಟಿದ್ದ ಗುಲಗಂಜಿಗಳಲ್ಲಿ ಒಂದನ್ನು ಎತ್ತಿದ. "ಕೆಂಪಗೆ ಚೆನ್ನಾಗಿದೆ. ಮರಿಗೆ ಆಡೋಕಾದರೂ ಇರಲಿ."

"ಅದು ವಿಷದ ಬೀಜ," ಎಂದಳು ಹೊಂಗೊಕ್ಕಿ. "ನಿನ್ನ ಮರಿ ಹದಿನೈದು ದಿನ ಹಸಿದದ್ದು ಇದಕ್ಕೇ. ಕೆಳಗೆ ಹಾಕು."

ದೊಡ್ಡರೆಕ್ಕ ತೊಂಬತ್ತೊಂಬತ್ತನ್ನೂ ಒಂದೊಂದಾಗಿ ಕೆಳಗೆ ಹಾಕಿದ. ಒಂದನ್ನೂ ಗುರಿಯಿಟ್ಟು ಎಸೆಯಲಿಲ್ಲ.

ನೀತಿ: ಸುಮ್ಮನೆ ಆಡಿದ್ದಕ್ಕೆ ಕೂಲಿ ಕೊಡುತ್ತೇನೆ ಎನ್ನುವವನು ಕಾಡಿನ ಬಂಡೆಯ ಮೇಲಿರಲಿ, ಕೈಯ ಮೊಬೈಲಿನೊಳಗಿರಲಿ, ಅವನು ಕೊಡುವ ಹಣ್ಣು ಯಾರ ಮರದ್ದು, ನಿಮ್ಮ ಮನೆಯ ಗುರುತು ಅವನಿಗೇಕೆ ಎಂದು ಮೊದಲು ಕೇಳಿ.