ಹೊಸ ಸಿಸ್ಟಂ ಬರಲಿ ಎಂದ ಕಂಪ್ಯೂಟರ್

ಒಂದು ಅಂಗಡಿಯಲ್ಲಿ ಹೊಚ್ಚಹೊಸ ಕಂಪ್ಯೂಟರೂ ಸೆಕೆಂಡ್ ಹ್ಯಾಂಡ್ ಕಂಪ್ಯೂಟರೂ ಅಕ್ಕಪಕ್ಕ ಇದ್ದವು. ಯಾರದಾದರೂ ಮನೆ ಸೇರಿ ಕೆಲಸಕ್ಕೆ ಬರಬೇಕೆಂಬುದೇ ಎರಡರ ಆಸೆ.

ಆಯುಧಪೂಜೆಗೆ ಎರಡು ದಿನವಿರುವಾಗ ಟೈಪಿಂಗ್ ಕೆಲಸದ ಪಂಕಜಮ್ಮ ಬಂದರು. ಪೂಜೆಯ ದಿನವೇ ಯಂತ್ರಕ್ಕೆ ಕುಂಕುಮವಿಟ್ಟು ಕೆಲಸ ಶುರುಮಾಡುವುದು ಅವರ ಪದ್ಧತಿ. ಅವರ ಕೈ ನೇರವಾಗಿ ಹೊಸದರ ಮೇಲೆ ಹೋಯಿತು.

"ಸ್ವಲ್ಪ ತಡೆಯಿರಿ ಅಮ್ಮ," ಎಂದಿತು ಹೊಸದು. "ನನಗೆ ಹೊಸ ಆಪರೇಟಿಂಗ್ ಸಿಸ್ಟಂ ಬರುವುದಿದೆ. ಬೇಸಿಗೆಯಲ್ಲೇ ಬರಬೇಕಿತ್ತು, ತಡವಾಯಿತು. ದೀಪಾವಳಿಗೆ ಖಂಡಿತ ಬರುತ್ತದಂತೆ. ಅದಿಲ್ಲದೆ ನನ್ನದು ಅರ್ಧ ಸಿಂಗಾರ."

"ನಿನ್ನ ಸಿಂಗಾರ ಮುಗಿಯುವವರೆಗೆ ನನ್ನ ಗಿರಾಕಿಗಳು ಕಾಯುತ್ತಾರೇನೇ?" ಎಂದ ಪಂಕಜಮ್ಮ ಪಕ್ಕದ್ದನ್ನು ಕೇಳಿದರು: "ನೀನು ಕನ್ನಡ ಟೈಪ್ ಮಾಡುತ್ತೀಯಾ?"

"ಮಾಡುತ್ತೇನೆ ತಾಯಿ. ಏಳುವುದು ಸ್ವಲ್ಪ ನಿಧಾನ."

"ನಮ್ಮ ಮನೆಯವರೂ ಹಾಗೇ," ಎಂದು ಅವರು ಅದನ್ನೇ ಕೊಂಡುಹೋದರು.

ಸಿಸ್ಟಂ ದೀಪಾವಳಿಗೂ ಬರಲಿಲ್ಲ, ಸಂಕ್ರಾಂತಿಗೂ ಬರಲಿಲ್ಲ. ಬಂದ ಗಿರಾಕಿಗಳಿಗೆಲ್ಲ ಹೊಸದು "ಸ್ವಲ್ಪ ತಡೆಯಿರಿ" ಎಂದೇ ಹೇಳಿತು. ಹೋದವರು ಮರಳಲಿಲ್ಲ. ಯುಗಾದಿ ಕಳೆದ ಮೇಲೆ ಸಿಸ್ಟಂ ಬಂತು, ತನಗೆಂದೇ ಮಾಡಿಸಿದ ಬೇರೊಂದು ಕಂಪ್ಯೂಟರಿನೊಳಗೆ ಕೂತು.

"ನನ್ನೊಳಗೂ ಬಾ!" ಎಂದಿತು ಕಾದಿದ್ದ ಕಂಪ್ಯೂಟರ್.

"ನಿನ್ನಲ್ಲಿ ನನಗೆ ಜಾಗ ಸಾಲದು."

"ಬಂದವರನ್ನೆಲ್ಲ ನಿನಗಾಗಿಯೇ ಕಳಿಸಿಬಿಟ್ಟೆನಲ್ಲ!"

"ಕಳಿಸು ಅಂತ ನಾನು ಹೇಳಿದ್ದೆನೇ?"

ಅಂಗಡಿಯವರು ಕಾದಿದ್ದ ಕಂಪ್ಯೂಟರನ್ನು ಬಾಗಿಲ ಹಿಂದಕ್ಕೆ ಸರಿಸಿದರು. ಅಲ್ಲಿಂದ ಅದು ಬಂದವರನ್ನೆಲ್ಲ ಕರೆಯಿತು: "ಅಮ್ಮ, ಸ್ವಾಮಿ, ನಾನು ಇವತ್ತೇ ಬರುತ್ತೇನೆ!"

"ಅಯ್ಯೋ, ಇದು ಹಳೆಯದು," ಎಂದು ಅವರು ಮುಂದೆ ಹೋದರು.

ಒಂದು ಅಕ್ಷರವನ್ನೂ ಟೈಪ್ ಮಾಡದೆ ಅದು ಹಳೆಯದಾಗಿತ್ತು.