ಚೀಲ ಹಿಡಿದು ನಗು ಕೇಳಿದವನು

ಟೀವಿಯವರು ನಗುವನ್ನು ಮೊದಲೇ ಹಿಡಿದಿಟ್ಟುಕೊಂಡರು, ಆಮೇಲೆ ಅದನ್ನು ಅಳುವವರ ಮೇಲೆ ಅಂಟಿಸಿದರು. ಅವರು ಮಾಡಿದ ತಪ್ಪು ಇದು. ಹೇಗೆ ಮಾಡಿದರು ಅಂತ ಹೇಳುತ್ತೇನೆ, ಕೇಳಿ.

ಸುಣ್ಣದಗೂಡು ಬೀದಿಯಲ್ಲಿ ಸೊಪ್ಪು ಮಾರುವ ಚೆಲುವಮ್ಮ ಇದ್ದಳು. ಅವಳಿಗೆ ಒಬ್ಬ ಮಗ, ಸಣ್ಣೀರ. ಮೂವತ್ತು ವರ್ಷದ ಆಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಒಂದು ಗುಲಗಂಜಿ ಹೆಚ್ಚಿಲ್ಲ, ಒಂದು ಗುಲಗಂಜಿ ಕಮ್ಮಿಯಿಲ್ಲ. "ಬಾಗಿಲು ನೋಡ್ಕೊ" ಅಂದರೆ ಬಾಗಿಲನ್ನೇ ನೋಡುತ್ತಾ ಕೂರುವನು, ಒಲೆ ಮೇಲಿನ ಅನ್ನ ಸೀದು ಹೋಗುವುದು. "ಇವನನ್ನ ಹೆರೋಕೆ ನಾನು ಯಾವ ಪಾಪ ಮಾಡಿದ್ನೋ!" ಅಂತ ಚೆಲುವಮ್ಮ ಹಣೆ ಚಚ್ಚಿಕೊಳ್ಳುವಳು.

ಆ ಬೀದಿಯ ನಲ್ಲಿಯಲ್ಲಿ ಚರಂಡಿ ನೀರು ಬೆರೆತು ಬರುತ್ತಿತ್ತು. ಅದನ್ನು ಕುಡಿದ ಚೆಲುವಮ್ಮನ ಮೊಮ್ಮಗಳು, ಮಗಳ ಕೂಸು, ಆಸ್ಪತ್ರೆ ಸೇರಿದ್ದಳು. ಆಗ 'ಚಾಟಿ ಚಾವಡಿ' ಅನ್ನೋ ಟೀವಿ ಕಾರ್ಯಕ್ರಮದವರು ಬಂದರು. ಜನರನ್ನು ನಗಿಸಿ ನಗಿಸಿ ದೊಡ್ಡವರ ಮೇಲೆ ಚಾಟಿ ಬೀಸುತ್ತೇವೆ ಅನ್ನುವವರು. ಚೆಲುವಮ್ಮನ ಗೋಳನ್ನು ಕ್ಯಾಮೆರಾದಲ್ಲಿ ಹಿಡಿದರು. "ನಗರಸಭೆ ಸದಸ್ಯ ರಂಗಧಾಮನನ್ನೇ ಕರೆಸ್ತೀವಿ ಅಮ್ಮ, ಅವನ ಮುಂದೇನೇ ತೋರಿಸ್ತೀವಿ" ಅಂದರು. ಸ್ಟುಡಿಯೋದಲ್ಲಿ ವೇದಿಕೆ ಮುಂದೆ ಕೂತು ನೋಡುವುದಕ್ಕೆ ಮನೆಗೊಬ್ಬರಂತೆ ವ್ಯಾನು ಹತ್ತಿಸಿಕೊಂಡರು. ಮೂರು ದಿನದ ಶೂಟಿಂಗು, ಮಧ್ಯಾಹ್ನಕ್ಕೆ ಪುಳಿಯೋಗರೆ ಪೊಟ್ಟಣ.

ಚೆಲುವಮ್ಮನಿಗೆ ಅನುಮಾನ. ಪುಕ್ಕಟೆ ಅನ್ನ ಹಾಕುವವರು ಏನು ಕಿತ್ತುಕೊಳ್ಳೋಕೆ ಬಂದರೋ? ಆದರೂ ಕಾಲು ಊದಿಕೊಂಡಿದ್ದ ಅವಳು ಮಗನನ್ನೇ ಕಳಿಸಿದಳು. "ಅಲ್ಲಿ ರಟ್ಟು ಎತ್ತಿ ತೋರಿಸ್ತಾರಂತೆ. ಅದರಲ್ಲಿ ಬರೆದಂಗೆ ಮಾಡು."

ಮೊದಲ ದಿನ ವೇದಿಕೆ ಖಾಲಿ. ಮಾತಿಲ್ಲ, ಜೋಕಿಲ್ಲ. ಒಬ್ಬ ರಟ್ಟು ಎತ್ತಿದ: 'ನಗಿ!' ಎಲ್ಲರೂ ನಕ್ಕರು. ರಟ್ಟು ಇಳಿಸಿದ. ಎಲ್ಲರೂ ನಿಲ್ಲಿಸಿದರು. ಸಣ್ಣೀರ ನಿಲ್ಲಿಸಲಿಲ್ಲ. ನಿಲ್ಲಿಸಿ ಅಂತ ಎಲ್ಲಿ ಬರೆದಿತ್ತು? ಹೊಟ್ಟೆ ಹಿಡಿದು ನಕ್ಕ, ಕಣ್ಣೀರು ಬರುವಷ್ಟು ನಕ್ಕ. ಕ್ಯಾಮೆರಾ ಅವನ ಮುಖಕ್ಕೇ ತಿರುಗಿತು. ಊಟದ ಹೊತ್ತಿಗೂ ನಗುತ್ತಿದ್ದವನನ್ನು ರಟ್ಟಿನವನು ಹಿಡಿದು ಅಲ್ಲಾಡಿಸಿದ: "ಸಾಕು ನಿಲ್ಸಯ್ಯಾ, ಪ್ರಾಣ ಹೋದೀತು!"

"ಅಯ್ಯೋ ಬೆಪ್ಪೇ!" ಅಂದಳು ತಾಯಿ, ಸಂಜೆ ಮಗ ಹೇಳಿದ್ದು ಕೇಳಿ. ಆಮೇಲೆ ಹುಬ್ಬು ಗಂಟಿಕ್ಕಿದಳು. "ಜೋಕೇ ಇಲ್ದೆ ನಗಿಸಿದ್ರಾ? ಆ ನಗು ಅವರಿಗೆ ಯಾಕಂತೆ?"

"ಗೊತ್ತಿಲ್ಲ ಕಣವ್ವ. ಹಿಡಿದಿಟ್ಕೊಂಡ್ರು."

"ಇರ್ಲಿ. ನಾಳೆ ಪಕ್ಕದೋನು ಮಾಡಿದಂಗೆ ಮಾಡು!"

ಮಾರನೇ ದಿನ ಪಕ್ಕದಲ್ಲಿ ಒಬ್ಬ ದಪ್ಪ ಮೀಸೆಯವನು ಕೂತ. ಅವನು ಆಕಳಿಸಿದ, ಇವನೂ ಆಕಳಿಸಿದ. ಅವನು ಗೊರಕೆ ಹೊಡೆದ, ಇವನೂ ಗೊರಕೆ ಹೊಡೆದ. ಅವನು ಎಚ್ಚರಗೊಂಡು ಕೊರಳಪಟ್ಟಿ ಹಿಡಿದ: "ಯಾರ್ಲಾ ನನ್ನ ಅಣಕಿಸೋನು!" ಇವನೂ ಕೊರಳಪಟ್ಟಿ ಹಿಡಿದ: "ಯಾರ್ಲಾ ನನ್ನ ಅಣಕಿಸೋನು!" ಇಬ್ಬರನ್ನೂ ಹೊರಗೆ ದಬ್ಬಿದರು.

"ಅಯ್ಯೋ ಮಂಕೇ! ಪಕ್ಕದೋನ ಗೊಡವೆ ನಿನಗ್ಯಾಕೋ! ನಾಳೆ ರಂಗಧಾಮ ಬರ್ತಾನೆ. ವೇದಿಕೆ ಮೇಲಿನ ದೊಡ್ಡೋರು ಏನು ಕೇಳ್ತಾರೋ ಅದನ್ನ ಕೊಡು. ಬಾಯಿ ಮುಚ್ಕೊಂಡು ಬಾ!" ಅಂದು ನಲ್ಲಿ ನೀರಿನ ಬಾಟ್ಲಿಯೊಂದನ್ನು ಕೈಗಿಟ್ಟಳು. "ಇದನ್ನ ಕುಡೀಬೇಡ. ಅವರಿಗೆ ತೋರಿಸೋಕೆ."

ಮೂರನೇ ದಿನ ರಂಗಧಾಮ ಎದೆ ತಟ್ಟಿ ಹೇಳಿದ: "ನಮ್ಮ ವಾರ್ಡಿನ ನೀರು ತೀರ್ಥ ಇದ್ದಂಗೆ! ಯಾರಾದ್ರೂ ತಂದ್ಕೊಡ್ಲಿ, ಇಲ್ಲೇ ಕುಡೀತೀನಿ!"

ಸಣ್ಣೀರ ಎದ್ದ. ವೇದಿಕೆ ಹತ್ತಿದ. ಬಾಟ್ಲಿಯ ಮುಚ್ಚಳ ತೆಗೆದು ಅವನ ಬಾಯಿಗೇ ಹಿಡಿದ. ವಾಸನೆ ಮೂರನೇ ಸಾಲಿಗೆ ಬಡಿಯಿತು.

"ಈಗ... ಈಗ ಬಾಯಾರಿಕೆ ಇಲ್ಲಪ್ಪ," ಅಂದ ರಂಗಧಾಮ, ಮೂಗು ಮುಚ್ಚಿಕೊಂಡು.

ಜನ ಬಿದ್ದು ಬಿದ್ದು ನಕ್ಕರು. ರಟ್ಟು ಎತ್ತದೆ ಬಂದ ನಗು ಮೂರು ದಿನದಲ್ಲಿ ಅದೊಂದೇ. ರಟ್ಟಿನವನು ಕೈ ಬೀಸಿ ಬೀಸಿ ಕ್ಯಾಮೆರಾ ನಿಲ್ಲಿಸಿದ. ಸಣ್ಣೀರನನ್ನು ಎಳೆದು ಆಚೆ ಹಾಕಿದರು.

ಅವತ್ತು ಚೆಲುವಮ್ಮ ಬೈಯಲಿಲ್ಲ. ಮಗನ ತಲೆ ಸವರಿದಳು. "ಭಾನುವಾರ ಟೀವೀಲಿ ಇಡೀ ಊರು ನೋಡ್ಲಿ. ಒಳ್ಳೇ ನೀರು ಬಂದೇ ಬರುತ್ತೆ."

ಭಾನುವಾರ ಇಡೀ ಬೀದಿ ಟೀವಿ ಮುಂದೆ ಕೂತಿತು. ಟೀವಿಯಲ್ಲಿ ಚೆಲುವಮ್ಮ ಬಂದಳು: "ನನ್ನ ಮೊಮ್ಮಗಳು ಆಸ್ಪತ್ರೇಲಿ ಬಿದ್ದವಳೆ ಸ್ವಾಮಿ..." ಅಂದಳು, ಅತ್ತಳು. ಅವಳು ಅಳುತ್ತಿದ್ದ ಹಾಗೇ ಜನ ಗೊಳ್ಳೆಂದು ನಕ್ಕರು. ನಗುವವರ ನಡುವೆ ಒಂದು ದೊಡ್ಡ ಮುಖ. ಸಣ್ಣೀರನ ಮುಖ! ಹೊಟ್ಟೆ ಹಿಡಿದು ನಗುತ್ತಿದ್ದ. ಆಮೇಲೆ ರಂಗಧಾಮ "ನೀರು ತೀರ್ಥ ಇದ್ದಂಗೆ" ಅಂದ, ಚಪ್ಪಾಳೆ ಬಿತ್ತು. ಬಾಟ್ಲಿ ಇಲ್ಲ. ವಾಸನೆ ಇಲ್ಲ. ಮುಗಿಯಿತು.

"ಹೆತ್ತವಳ ಅಳು ನೋಡಿ ನಗ್ತಿದೀಯೇನೋ!"

"ಇಲ್ಲ ಕಣವ್ವ! ಅದು ಮೊದಲನೇ ದಿನದ ನಗು! ರಟ್ಟು ಎತ್ತಿದ್ರಲ್ಲ, ಆ ನಗು!"

ಚೆಲುವಮ್ಮನ ಅನುಮಾನ ಆಗ ನಿಜವಾಯಿತು. ಬೆಂಕಿಯಾದಳು. "ಹೋಗು! ಹೋಗಿ ನಿನ್ನ ನಗು ವಾಪಸ್ ಇಸ್ಕೊಂಡು ಬಾ! ಅದಿಲ್ದೆ ಈ ಹೊಸಿಲು ತುಳೀಬೇಡ!"

ಸಣ್ಣೀರ ಸೊಪ್ಪಿನ ಚೀಲ ಕೊಡವಿಕೊಂಡು ಹೊರಟ.

"ಏನು ಬೇಕಯ್ಯಾ?" ಅಂದ ಸ್ಟುಡಿಯೋ ಗೇಟಿನ ಕಾವಲುಗಾರ.

"ನನ್ನ ನಗು." ಚೀಲದ ಬಾಯಿ ಅಗಲಿಸಿ ಹಿಡಿದ. "ಇದಕ್ಕೆ ಹಾಕಿಬಿಡಿ. ಅರ್ಧ ದಿನ ನಕ್ಕಿದೀನಿ, ಜಾಸ್ತಿನೇ ಇರುತ್ತೆ. ತುಂಬದಿದ್ರೆ ಇನ್ನೊಂದು ಚೀಲ ತರ್ತೀನಿ."

ಕಾವಲುಗಾರ ನಕ್ಕ. "ಅದು ನಿಮ್ಮದು," ಅಂದ ಸಣ್ಣೀರ, "ನನ್ನದು ಒಳಗಿದೆ."

ಇವತ್ತಿಗೆ ಒಂಬತ್ತು ದಿನ. ಅಲ್ಲೇ ಕೂತಿದ್ದಾನೆ, ಚೀಲದ ಬಾಯಿ ತೆರೆದುಕೊಂಡು. ನಲ್ಲಿಯಲ್ಲಿ ಅದೇ ನೀರು ಬರುತ್ತಿದೆ. ಆ ವ್ಯಾನು ಹತ್ತಿದವರೇ, ಮನೆಯಲ್ಲಿ ಕೂತು ಆ ನಗು ನೋಡಿ ನಕ್ಕವರೇ, ನಿಮ್ಮ ನಗುವೂ ಆ ಗೇಟಿನ ಒಳಗಿದೆ. ಮನೆಯಲ್ಲಿ ಚೀಲ ಇದೆಯಲ್ಲ? ತಗೊಳ್ಳಿ. ಒಂದು ಬಾಟ್ಲಿ ನಲ್ಲಿ ನೀರು ಹಿಡ್ಕೊಳ್ಳಿ. ಹೋಗಿ ಅವನ ಪಕ್ಕ ಕೂತ್ಕೊಳ್ಳಿ. ಏಳಿ!