ಅರ್ಧಕ್ಕಿಳಿದ ಅಲೆ

“ಗುರುಗಳೇ, ಯಾರ ಮಾತನ್ನು ನಂಬಲಿ?” ಎಂದು ಸೋಮಲಿಂಗ ಕೇಳಿದ. ಗುರುಗಳ ಅಪ್ಪಣೆಯಂತೆ ಅವನು ಮೊದಲ ಬಾರಿಗೆ ಊರೂರು ತಿರುಗಿ ಪ್ರವಚನ ಮಾಡಿ ಮಠಕ್ಕೆ ಮರಳಿದ್ದ. “ಕೇಳಿ ಎದ್ದುಹೋದವರೆಲ್ಲ ನನ್ನನ್ನು ಹಾಡಿ ಹೊಗಳಿದರು. ಹೇಳಿದ್ದನ್ನು ನಡೆಸಿ ನೋಡಿದವರು ಮಾತ್ರ ‘ತುಸು ಅನುಕೂಲವಾಯ್ತು ಬುದ್ಧಿ’ ಅಂದರು, ಅಷ್ಟೆ. ಈ ಕೆಲಸಕ್ಕೆ ನಾನು ತಕ್ಕವನೋ ಅಲ್ಲವೋ ತಿಳಿಯದಾಗಿದೆ.”

ಗುರುಗಳಿಗೆ ನಗು ಬಂತು. ಮಠ ಸೇರುವ ಮೊದಲು ಅವರು ಹನ್ನೆರಡು ವರ್ಷ ರೇಡಿಯೊ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕಿದವರು. ಅವರ ಕತೆಗಳೂ ಹೆಚ್ಚಾಗಿ ಅಲ್ಲಿಂದಲೇ ಬರುತ್ತಿದ್ದವು. ಅಂದು ಈ ಕತೆ ಹೇಳಿದರು.

ಒಬ್ಬ ಮೆಕ್ಯಾನಿಕ್ ಇದ್ದ. ಅವನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕಾಲೇಜೊಂದರವರು ಬಂದು, ತಮಗೊಂದು ಸಿಗ್ನಲ್ ಜನರೇಟರ್ ಮಾಡಿಕೊಡು ಎಂದರು. ಅದು ವಿದ್ಯುತ್ತಿನ ಅಲೆಯನ್ನು ಹುಟ್ಟಿಸುವ ಯಂತ್ರ. ಅಲೆ ಒಂದು ವೋಲ್ಟ್ ಇರಬೇಕು, ಪರೀಕ್ಷೆಯಲ್ಲಿ ಗೆದ್ದರೆ ಮಾತ್ರ ಒಯ್ಯುತ್ತೇವೆ ಎಂದೂ ಹೇಳಿದರು. ಮೆಕ್ಯಾನಿಕ್ ಅಲ್ಲಿಯವರೆಗೆ ಬೇರೆಯವರು ಮಾಡಿದ್ದನ್ನು ರಿಪೇರಿ ಮಾಡಿದ್ದನೇ ಹೊರತು ತಾನಾಗಿ ಏನನ್ನೂ ಕಟ್ಟಿದವನಲ್ಲ. ಇದು ಗೆಲ್ಲಲೇಬೇಕು ಎಂದು ಊಟ ತಿಂಡಿ ಮರೆತು ದುಡಿದ.

ಯಂತ್ರ ಸಿದ್ಧವಾಯಿತು. ಅಲೆಯನ್ನು ಪರದೆಯ ಮೇಲೆ ತೋರಿಸುವ ಆಸಿಲ್ಲೋಸ್ಕೋಪನ್ನು ಪಕ್ಕಕ್ಕೆ ತಂದಿಟ್ಟ. ಕೇಬಲ್ ಸಿಕ್ಕಿಸುವ ಬಾಯಿ ಒಂದರದು ದಪ್ಪ, ಇನ್ನೊಂದರದು ಸಣ್ಣ. ಎರಡನ್ನೂ ಕೂಡಿಸುವ ಹಿತ್ತಾಳೆಯ ಅಡಾಪ್ಟರನ್ನು ತಿರುಗಿಸಿ ಕೂರಿಸಿ, ಕೇಬಲ್ ಹಾಕಿದ. ಪರದೆಯಲ್ಲಿ ಅಲೆ ಎದ್ದಿತು. ನೋಡಿದರೆ ಎರಡು ವೋಲ್ಟ್! ಮೆಕ್ಯಾನಿಕ್ ಹಿಗ್ಗಿ ಹೀರೇಕಾಯಿಯಾದ. ಕೇಳಿದ್ದು ಒಂದು, ಕೊಟ್ಟದ್ದು ಎರಡು ಎಂದು ಬೀದಿಗೆಲ್ಲ ಮೈಸೂರು ಪಾಕು ಹಂಚಿದ.

ಮರುದಿನ ಕಾಲೇಜಿನ ಪರೀಕ್ಷಕಿ ಬಂದರು. ಅವನ ಅಡಾಪ್ಟರನ್ನು ನೋಡಿ ಸರಿಯಾಗಿದೆ ಎಂದರು. ಆಮೇಲೆ ಚೀಲದಿಂದ ಹೆಬ್ಬೆರಳಿನಷ್ಟು ದೊಡ್ಡ ಇನ್ನೊಂದು ಅಡಾಪ್ಟರ್ ತೆಗೆದು, ಕೇಬಲ್ಲಿಗೂ ಆಸಿಲ್ಲೋಸ್ಕೋಪಿಗೂ ನಡುವೆ ಸಿಕ್ಕಿಸಿದರು. ಅಲೆ ದಡಕ್ಕನೆ ಅರ್ಧಕ್ಕಿಳಿಯಿತು. ಮೆಕ್ಯಾನಿಕ್ ಪರದೆಗೆ ಬೆರಳು ತೋರಿಸಿ ಕೂಗಿದ.

“ಅಯ್ಯೋ ಮೇಡಂ, ಅರ್ಧ ಅಲೆ ನುಂಗಿಬಿಡ್ತಲ್ಲ ನಿಮ್ಮ ಈ ಚೂರು! ಮೊದಲು ಅದನ್ನ ತೆಗೀರಿ.”

“ಆಸಿಲ್ಲೋಸ್ಕೋಪು ಸುಮ್ಮನೆ ಇಣುಕಿ ನೋಡುತ್ತಪ್ಪ, ನಿನ್ನ ಯಂತ್ರದಿಂದ ಏನನ್ನೂ ತಗೊಳ್ಳೋದಿಲ್ಲ ಅಂತಲೇ ಅನ್ನಬಹುದು. ಈ ಚೂರು ತಗೊಳ್ಳುತ್ತೆ. ನಾಳೆ ಕಾಲೇಜಲ್ಲಿ ಇದಕ್ಕೆ ಜೋಡಿಸೋ ಯಂತ್ರಗಳೂ ಹೀಗೇ ತಗೊಳ್ಳೋವು. ಅವು ತಗೊಳ್ಳುವಾಗಲೂ ಒಂದು ವೋಲ್ಟ್ ಇರಬೇಕು ಅಂತಲೇ ನಾವು ಕೇಳಿದ್ದು. ಈಗ ಎಷ್ಟಿದೆ ಅಂತ ನೀನೇ ನೋಡು.”

ಮೆಕ್ಯಾನಿಕ್ ಕಣ್ಣುಜ್ಜಿಕೊಂಡು ಪರದೆಯ ಮೇಲಿನ ಚೌಕಗಳನ್ನು ಎಣಿಸಿದ. ಒಂದು ವೋಲ್ಟ್. ಕೂದಲೆಳೆಯಷ್ಟು ಹೆಚ್ಚಿಲ್ಲ, ಕಡಿಮೆಯಿಲ್ಲ. ನಂಬಲಾಗದೆ ಇನ್ನೊಮ್ಮೆ ಎಣಿಸಿದ. ಪರೀಕ್ಷಕಿ ನಕ್ಕು, ಯಂತ್ರ ಗೆದ್ದಿತು ಎಂದರು. ಅವನಿಗೆ ನಿನ್ನೆಗಿಂತ ಇಂದು ಹೆಚ್ಚು ಸಂತೋಷವಾಯಿತು. ಯಾರಿಗೂ ಮುಟ್ಟಗೊಡದೆ ತಾನೇ ಯಂತ್ರವನ್ನು ಎತ್ತಿಕೊಂಡು ಹೋಗಿ ಜೀಪಿನಲ್ಲಿಟ್ಟ. ಜೀಪು ತಿರುವು ದಾಟುವವರೆಗೆ ಕೈ ಬೀಸುತ್ತಲೇ ಇದ್ದ.

ಸೋಮಲಿಂಗ ಮನಸಾರೆ ನಕ್ಕ. ಆದರೆ ಅವನ ಕೊರಗು ಪೂರ್ತಿ ಹೋಗಿರಲಿಲ್ಲ.

“ಕತೆಯೇನೋ ಸೊಗಸಾಗಿದೆ ಗುರುಗಳೇ. ಆದರೂ ಅಷ್ಟು ದಿನ ಗಂಟಲು ಹರಿದುಕೊಂಡೆ, ಅವರು ತುಸು ಅಂದುಬಿಟ್ಟರಲ್ಲ.”

ಗುರುಗಳು ಅವನ ಬೆನ್ನ ಮೇಲೆ ಕೈಯಿಟ್ಟು ಹೇಳಿದರು:

“ನಾನು ನಿನ್ನಿಂದ ಬಯಸಿದ್ದೂ ಆ ತುಸುವನ್ನೇ ಮಗು, ಅದು ಪೂರ್ತಿ ಬಂದಿದೆ.”